ಉಳಿಸಿದ ಚೂರು

ಹಗರಿಬೊಮ್ಮನಹಳ್ಳಿ
8 ಏಪ್ರಿಲ್ 2025

ಪಾಲಾಕ್ಷಪ್ಪಣ್ಣನವರಿಗೆ ನಮಸ್ಕಾರ.

ನಾನು ಸುಮಂಗಲಾ, ಇಲ್ಲಿನ ಆಸ್ಪತ್ರೆಯ ಲ್ಯಾಬಿನವಳು. ಮೂರು ತಿಂಗಳಿಗೊಮ್ಮೆ ನಿಮ್ಮ ಮಗಳು ಮೇಘಾಳನ್ನು ಹಾಸ್ಟೆಲ್ಲಿನಿಂದ ಕರೆತಂದಾಗ ಅವಳ ರಕ್ತ ತೆಗೆಯುವವಳು. ಹಿಂದಿನ ಸಲ ನೀವೂ ಬಂದಿದ್ದಿರಿ. ನಿಮಗೆ ಮೂರು ಸಲ ಫೋನ್ ಮಾಡಿದೆ. ಎರಡು ಸಲ ಸ್ವಿಚ್ ಆಫ್. ಮೂರನೇ ಸಲ ಎತ್ತಿದಿರಿ, ನಾನು ಕೂಗಿದ್ದು ಇಡೀ ಆಸ್ಪತ್ರೆಗೆ ಕೇಳಿತು, ನಿಮಗೊಬ್ಬರಿಗೆ ಕೇಳಲಿಲ್ಲ. "ಅಪ್ಪಗ ಕಿವಿ ಮಂದ ರೀ ಮೇಡಂ. ಕಾಗದ ಬರದ್ರ ಭಾಳ ಖುಷಿ ಪಡ್ತಾನ" ಎಂದು ಮೇಘಾ ನಕ್ಕಳು. ಮೈಲಾರದ ಬಸ್ಸಿನ ಕಂಡಕ್ಟರ್ ಕೊಟ್ರಸ್ವಾಮಿ ಕೈಗೆ ಕೊಟ್ಟರೆ ಹೊಳೆದಂಡೆಯ ನಿಮ್ಮ ಕುರಿಹಟ್ಟಿಗೆ ತಲುಪಿಸುತ್ತಾನಂತೆ. ಅದಕ್ಕೇ ಬರೆಯುತ್ತಿದ್ದೇನೆ.

ಶುಕ್ರವಾರದಿಂದ ಅವಳಿಗೆ ಬೇಸಿಗೆ ರಜೆ. ಹಟ್ಟಿಗೇ ಬರುತ್ತಾಳಂತೆ. ಬರಲಿ. ಆದರೆ ಒಂದು ಮಾತು ನೆನಪಿರಲಿ. ಮೇಘಾಳ ರಕ್ತದ ಕಣಗಳು ಹುಟ್ಟಿನಿಂದಲೇ ಚಪ್ಪಟೆಯಾಗಿರದೆ ಗುಂಡಗಿವೆ. ಎಡಪಕ್ಕೆಯ ಒಳಗಿರುವ ಗುಲ್ಮ ಅವನ್ನು ಹಿಡಿದು ಒಡೆದುಹಾಕುತ್ತಿತ್ತು. ಆ ಹಳದಿ ಕಣ್ಣು, ಆ ಸುಸ್ತು ಎಲ್ಲ ಅದರಿಂದಲೇ. ಗುಲ್ಮ ಪೂರ್ತಿ ತೆಗೆದರೆ ರಕ್ತ ಉಳಿಯುತ್ತದೆ. ಆದರೆ ರೋಗದ ಹುಳ ರಕ್ತಕ್ಕಿಳಿದರೆ ತಡೆಯುವ ಕಾವಲುಗಾರನೂ ಅದೇ. ಅದಕ್ಕೇ ಎರಡು ವರ್ಷದ ಹಿಂದೆ ಬೆಂಗಳೂರಿನ ಡಾಕ್ಟರು ಮುಕ್ಕಾಲು ತೆಗೆದು ಕಾಲು ಭಾಗ ಉಳಿಸಿದರು. ಆ ಚೂರು ಬೆಳೆಯುತ್ತದೆ. ಅದು ಪೂರ್ತಿ ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ಇನ್ನೂ ನೋಡುತ್ತಿದ್ದೇವೆ.

ಆದ್ದರಿಂದ ಬೆಳಗ್ಗೆ ಒಂದು, ಸಂಜೆ ಒಂದು ಮಾತ್ರೆ ತಪ್ಪಬಾರದು. ಜ್ವರ ಬಂದರೆ ನಾಳೆ ನೋಡೋಣ ಎನ್ನಬಾರದು, ತಕ್ಷಣ ಆಸ್ಪತ್ರೆ. ನಾಯಿ ಕಚ್ಚಿದರೂ ಅಷ್ಟೇ. ಹಳದಿ ಡಬ್ಬಿಯಲ್ಲಿ ಮಾತ್ರೆಯೂ, ಗುಲ್ಮದ ವಿಷಯ ಬರೆದು ಬೆಂಗಳೂರಿನವರು ಕೊಟ್ಟ ಕಾರ್ಡೂ ಇವೆ.

ಸುಮಂಗಲಾ


ಹೊಳೆದಂಡೆ, ಮೈಲಾರದ ಹತ್ತಿರ
13 ಏಪ್ರಿಲ್ 2025

ಸುಮಂಗಲಾ ಮೇಡಮ್ಮನವರಿಗೆ ಪಾಲಾಕ್ಷಪ್ಪನ ನಮಸ್ಕಾರಗಳು.

ಇಲ್ಲಿ ನಾನು, ಇನ್ನೂರ ಹದಿನಾಲ್ಕು ಕುರಿ, ಮೂರು ನಾಯಿ ಚೆನ್ನಾಗಿದ್ದೇವೆ. ಮೇಘಾ ಬಂದು ಎರಡು ದಿನವಾಯಿತು, ಅವಳೂ ಚೆನ್ನಾಗಿದ್ದಾಳೆ. ನಿಮ್ಮ ಕಾಗದ ಓದಿ ಸಂತೋಷವಾಯಿತು. ನನಗೆ ಈಚೆಗೆ ಯಾರೂ ಕಾಗದ ಬರೆಯುವುದಿಲ್ಲ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವನು ನಾನು. ಕಾಗದ ಬರೆಯುವಾಗ ಪುಸ್ತಕದ ಹಾಗೆ ಬರೆಯಬೇಕು ಎಂದು ನಮ್ಮ ಮೇಷ್ಟ್ರು ಹೇಳಿದ್ದರು. ಹಾಗೇ ಬರೆಯುತ್ತಿದ್ದೇನೆ. ಎಲ್ಲಾದರೂ ಹಟ್ಟಿಯ ಮಾತು ನುಸುಳಿದರೆ ನಗಬೇಡಿ.

ಒಂದು ನಿಜ ಹೇಳುತ್ತೇನೆ. ಬೆಂಗಳೂರಿನಲ್ಲಿ ಡಾಕ್ಟರು ಕಾಲು ಭಾಗ ಉಳಿಸಿದೆ ಎಂದಾಗ ನನಗೆ ಸಿಟ್ಟು ಬಂದಿತ್ತು. ಮಾಡುವ ಕೆಲಸ ಪೂರ್ತಿ ಮಾಡಬಾರದೇ ಎಂದುಕೊಂಡಿದ್ದೆ. ಈಗ ತಿಳಿಯಿತು. ನಾವೂ ಹುಲ್ಲನ್ನು ಬುಡ ಬಿಟ್ಟೇ ಮೇಯಿಸುತ್ತೇವೆ. ಬುಡ ಉಳಿದರೆ ಚಿಗುರುತ್ತದೆ, ಕಿತ್ತರೆ ಆ ಹೊಲ ಆ ವರ್ಷಕ್ಕೆ ಬೋಳು. ಆ ಡಾಕ್ಟರು ಕುರಿ ಕಾಯ್ದವರಿರಬೇಕು.

ಹಿಂದಿನ ಸಲ ಲ್ಯಾಬಿನ ದುರ್ಬೀನಿನಲ್ಲಿ ನನಗೆ ರಕ್ತದ ಎರಡು ಗಾಜಿನ ಪಟ್ಟಿ ತೋರಿಸಿದ್ದಿರಲ್ಲ. ಒಂದು ಮೇಘಾಳದ್ದು, ಕಣಗಳು ಚೊಕ್ಕಟವಾಗಿದ್ದವು. ಇನ್ನೊಂದರ ಕಣಗಳಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕಿ. ಗುಲ್ಮವಿದ್ದರೆ ಆ ಚುಕ್ಕಿಗಳನ್ನು ಹೆಕ್ಕಿ ತೆಗೆಯುತ್ತದೆ, ಇದು ಗುಲ್ಮ ಪೂರ್ತಿ ತೆಗೆದ ಹೆಂಗಸಿನದು ಎಂದಿರಿ. ಕುರಿಯ ಮೈಮೇಲಿನ ಉಣ್ಣಿಹುಳ ಹೆಕ್ಕುವವರಿಲ್ಲದ ಹಾಗಾಯಿತು ಅಂದುಕೊಂಡೆ. ಆ ಹೆಣ್ಣುಮಗಳು ಪಾಪ, ಬದುಕಿದ್ದಾಳೋ? ಮೊನ್ನೆ ಮೇಘಾಳ ಪಕ್ಕ ಕೂತಾಗ ಯಾಕೋ ಅವಳ ನೆನಪಾಯಿತು.

ನಾಯಿಯ ಚಿಂತೆ ಬಿಡಿ. ಮೂರಕ್ಕೂ ಹುಚ್ಚಿನ ಇಂಜೆಕ್ಷನ್ ಹಾಕಿಸಿದ್ದೇನೆ. ಅದರಲ್ಲಿ ಬಂಟನನ್ನು ನಾಯಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ದೇವರು ಮೈಲಾರಲಿಂಗನ ಬೆನ್ನಿಗೆ ನಾಯಿ ಇದ್ದವು, ನಮ್ಮ ಬೆನ್ನಿಗೆ ಇವನು. ಮೇಘಾ ತೊಟ್ಟಿಲಲ್ಲಿದ್ದ ಮನೆಯಲ್ಲೇ ಇವನ ತಾಯಿ ಹುಟ್ಟಿದ್ದು.

ಮೇಘಾಳ ಅವ್ವ ರೇಣುಕಾ ಕೊಟ್ಟೂರಿನ ಹತ್ತಿರ ಊರಲ್ಲೇ ಮರಿಗಳನ್ನು ನೋಡಿಕೊಂಡಿದ್ದಾಳೆ. ಮನೆಗಿರುವ ಒಂದು ಫೋನು ನನ್ನ ಹತ್ತಿರ.

ಪಾಲಾಕ್ಷಪ್ಪ


ಹಗರಿಬೊಮ್ಮನಹಳ್ಳಿ
15 ಏಪ್ರಿಲ್ 2025

ಪಾಲಾಕ್ಷಪ್ಪಣ್ಣನವರಿಗೆ,

ನಿಮ್ಮ ಅಕ್ಷರ ನಮ್ಮ ಡಾಕ್ಟರಿಗಿಂತ ದುಂಡಗಿದೆ. ಹುಲ್ಲಿನ ಮಾತು ಅವರಿಗೂ ಓದಿ ಹೇಳಿದೆ, ನಕ್ಕರು.

ಆ ಹೆಂಗಸು ಬದುಕಿದ್ದಾಳೆ. ಕೆಲಸಕ್ಕೆ ಹೋಗುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಅತ್ತೆಯ ಹತ್ತಿರ ಬೈಸಿಕೊಳ್ಳುತ್ತಾಳೆ. ಅವಳ ವಿಷಯ ಬಿಡಿ.

ನಾನು ಹೇಳಿದ್ದು ಹುಚ್ಚುನಾಯಿಯ ವಿಷಯವಲ್ಲ. ಒಳ್ಳೆಯ ನಾಯಿಯ ಬಾಯಲ್ಲೂ ಒಂದು ಹುಳ ಸುಮ್ಮನೆ ಇರುತ್ತದೆ. ನನಗೂ ನಿಮಗೂ ಅದು ಏನೂ ಮಾಡುವುದಿಲ್ಲ. ಗುಲ್ಮ ಇಲ್ಲದವರಿಗೆ, ಅರೆಬರೆ ಇದ್ದವರಿಗೆ ಅದು ದೊಡ್ಡ ಗಂಡಾಂತರ. ಬಂಟ ಯಾರ ಕಡೆಯವನಾದರೂ ಅವನಿಗೂ ಬಾಯಿ ಇದೆ.

ಹರಪನಹಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿ ಎಂದು ಬೆಂಗಳೂರಿನವರು ಬರೆದುಕೊಟ್ಟಿದ್ದಾರಲ್ಲ, ಅದನ್ನು ಈ ರಜೆಯಲ್ಲೇ ಮಾಡಿಸಿ. ವರದಿ ನನಗೆ ಕಳಿಸಿ. ನೀವೇ ಓದಿ ತೀರ್ಮಾನ ಮಾಡಬೇಡಿ.

ಸುಮಂಗಲಾ


ಹೊಳೆದಂಡೆ
24 ಏಪ್ರಿಲ್ 2025, ಬೆಳಗ್ಗೆ

ಸುಮಂಗಲಾ ಮೇಡಮ್ಮನವರಿಗೆ,

ಇಲ್ಲಿ ನಾನು, ಇನ್ನೂರ ಹದಿನೇಳು ಕುರಿ, ಮೂರು ನಾಯಿ ಚೆನ್ನಾಗಿದ್ದೇವೆ. ಮೂರು ಮರಿ ಹಾಕಿವೆ, ಎಲ್ಲ ಹೆಣ್ಣು.

ಸಂತೋಷದ ಸುದ್ದಿ. ಹದಿನೆಂಟಕ್ಕೆ ಹರಪನಹಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದೆವು. ಉಳಿಸಿದ ಚೂರು ದೊಡ್ಡದಾಗಿದೆಯಂತೆ. "ಆಗ್ಲೇ ಮುಕ್ಕಾಲು ಬೆಳದೈತಲ್ಲ ಯಜಮಾನ್ರೇ" ಎಂದು ಅಲ್ಲಿನವರು ಬೆರಳಲ್ಲಿ ಅಳೆದು ತೋರಿಸಿದರು. ನಾನು ಬಸ್‌ಸ್ಟ್ಯಾಂಡಿನಲ್ಲಿ ಮೇಘಾಳಿಗೆ ಎರಡು ಮಿರ್ಚಿ ಹೆಚ್ಚಿಗೆ ಕೊಡಿಸಿದೆ. ಎರಡು ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು ಮೇಡಮ್ಮ. ಕಣ್ಣಲ್ಲಿ ನೀರು ಬಂತು, ಮಗಳು ನೋಡದ ಹಾಗೆ ಟವೆಲ್ಲಿನಲ್ಲಿ ಒರೆಸಿಕೊಂಡೆ.

ಬೆಳೆದ ಮೇಲೆ ಮಾತ್ರೆ ಯಾಕೆ ಎಂದು ಮರುದಿನದಿಂದ ನಿಲ್ಲಿಸಿದ್ದೇನೆ. ದಿನಾ ಎರಡರಂತೆ ಎರಡು ವರ್ಷ ನುಂಗಿದ ಮಗು. ನಾಲಿಗೆಗೂ ಬಿಡುವು ಬೇಡವೇ. ನೀವು ಬೈಯುತ್ತೀರಿ ಎಂದು ಗೊತ್ತು. ಅದಕ್ಕೇ ಮಾಡಿದ ಮೇಲೆ ಹೇಳುತ್ತಿದ್ದೇನೆ. ವರದಿ ಇದರ ಜೊತೆಗಿದೆ.

ಇನ್ನೊಂದು ಸಣ್ಣ ವಿಷಯ. ಮೊನ್ನೆ ಬಂಟ ಎಲುಬು ಕಡಿಯುವಾಗ ಮೇಘಾ ಕೈ ಹಾಕಿದಳು, ಹೆಬ್ಬೆರಳಿನ ಹತ್ತಿರ ಹಲ್ಲು ತಗುಲಿತು. ಕಚ್ಚಿದ್ದಲ್ಲ, ತಗುಲಿದ್ದು. ನಮ್ಮಲ್ಲಿ ಹಟ್ಟಿಯ ನಾಯಿಯ ಹಲ್ಲು ತಗುಲಿದರೆ ಯಾರೂ ಹೊರಗೆ ಹೇಳುವುದಿಲ್ಲ. ದೇವರ ನಾಯಿ, ಗಾಯಕ್ಕೆ ಭಂಡಾರದ ಅರಿಷಿಣ ಹಚ್ಚಿ ಕೈ ಮುಗಿದರೆ ಮುಗಿಯಿತು. ಹಚ್ಚಿದ್ದೇನೆ. ಈವತ್ತು ಬೆಳಗ್ಗೆಯಿಂದ ಮೈ ಸ್ವಲ್ಪ ಬಿಸಿ ಇದೆ, ಜಾಲಿಮರದ ನೆರಳಿಗೆ ಮಲಗಿದ್ದಾಳೆ. ಬಿಸಿಲಿನದಿರಬೇಕು. ಮಜ್ಜಿಗೆ ಕೊಟ್ಟಿದ್ದೇನೆ.

ಪಾಲಾಕ್ಷಪ್ಪ


ಹಗರಿಬೊಮ್ಮನಹಳ್ಳಿ
24 ಏಪ್ರಿಲ್ 2025, ಮಧ್ಯಾಹ್ನ

ಪಾಲಾಕ್ಷಪ್ಪಣ್ಣ,

ನಿಮ್ಮ ಫೋನು ಸ್ವಿಚ್ ಆಫ್. ಲ್ಯಾಬಿನಲ್ಲಿ ನಾನೊಬ್ಬಳೇ, ಬದಲಿಯವರು ಬರುವ ತನಕ ಏಳುವ ಹಾಗಿಲ್ಲ. ಕೊಟ್ರಸ್ವಾಮಿಯ ಬಸ್ಸು ಹತ್ತು ನಿಮಿಷಕ್ಕೆ ಹೊರಡುತ್ತದೆ. ಅವನು ಕಿಟಕಿಯಲ್ಲೇ ನಿಂತಿದ್ದಾನೆ, ರಕ್ತಪರೀಕ್ಷೆಯ ಚೀಟಿಯ ಹಿಂದೆ ಬರೆಯುತ್ತಿದ್ದೇನೆ.

ಇದು ಬಿಸಿಲಿನದಲ್ಲ. ಇದನ್ನು ಓದಿ ಮುಗಿಸುವ ಮೊದಲೇ ಮೇಘಾಳನ್ನು ಎತ್ತಿಕೊಳ್ಳಿ. ಅದೇ ಬಸ್ಸಿನಲ್ಲಿ ಹಡಗಲಿ ಆಸ್ಪತ್ರೆಗೆ ಹೋಗಿ. ಹಳದಿ ಡಬ್ಬಿ, ಕಾರ್ಡು ತೆಗೆದುಕೊಳ್ಳಿ. ಬಾಗಿಲಲ್ಲೇ ಮೂರು ಮಾತು ಹೇಳಿ. ಗುಲ್ಮ ಕಾಲು ಭಾಗ ಮಾತ್ರ ಉಳಿಸಿದ ಮಗು, ನಾಯಿ ಕಚ್ಚಿದೆ, ಜ್ವರ. ಅಲ್ಲಿನ ಡಾಕ್ಟರಿಗೆ ನಾನು ಈಗಲೇ ಫೋನ್ ಮಾಡುತ್ತೇನೆ.

ನೀವು ಹಟಮಾರಿ. ಸಂಜೆ ತನಕ ನೋಡೋಣ ಎನ್ನುತ್ತೀರಿ. ಅದಕ್ಕೇ ಹೇಳುತ್ತೇನೆ ಕೇಳಿ. ಆ ಚುಕ್ಕಿಗಳ ರಕ್ತ ನನ್ನದು. ನನ್ನ ಗುಲ್ಮವನ್ನು ಪೂರ್ತಿ ತೆಗೆದಿದ್ದಾರೆ. ಹದಿನಾಲ್ಕನೇ ವರ್ಷದಲ್ಲಿ ನನಗೂ ಬೆಳಗ್ಗೆ ಮೈ ಸ್ವಲ್ಪ ಬಿಸಿ ಅಷ್ಟೇ ಇತ್ತು. ಸಂಜೆಯಿಂದ ಮೂರು ದಿನ ನನಗೆ ಪ್ರಜ್ಞೆ ಇರಲಿಲ್ಲ. ಇದನ್ನು ನಾನು ನನ್ನ ಅತ್ತೆಗೂ ಹೇಳಿಲ್ಲ. ಈಗ ನಿಮಗೆ ಹೇಳಿದ್ದೇನೆ. ಏಳಿ.

ಸುಮಂಗಲಾ


ಹೊಳೆದಂಡೆ
5 ಮೇ 2025

ತಂಗಿ ಸುಮಂಗಲಾಳಿಗೆ ಪಾಲಾಕ್ಷಪ್ಪ ಮಾಡುವ ಆಶೀರ್ವಾದ.

ಮೇಡಮ್ಮ ಎಂದು ಬರೆದು ಹೊಡೆದುಹಾಕಿದೆ. ಇನ್ನು ಹಾಗೆ ಬರೆಯಲು ಮನಸ್ಸು ಬರುವುದಿಲ್ಲ. ನೀನು ಎನ್ನುತ್ತೇನೆ, ಸಿಟ್ಟಾಗಬೇಡ.

ಬಳ್ಳಾರಿ ಆಸ್ಪತ್ರೆಯಿಂದ ಬಿಟ್ಟು ಮೂರು ದಿನವಾಯಿತು. ಮೇಘಾ ಊರಲ್ಲಿ ಅವಳ ಅವ್ವನ ಹತ್ತಿರ ಇದ್ದಾಳೆ, ಅನ್ನ ಸಾರು ಉಣ್ಣುತ್ತಾಳೆ. ನಿನ್ನೆ ಬೆಳಗ್ಗೆ ರೊಟ್ಟಿ ಕೇಳಿದಳು. ನಾನು ನಿನ್ನೆ ಸಂಜೆ ಹಟ್ಟಿಗೆ ಬಂದೆ.

ಎದುರಿಗಿದ್ದಾಗ ನೀನು ಹೇಳಿದ್ದು ನನಗೆ ಅರ್ಧ ಕೇಳಲಿಲ್ಲ, ನಾನು ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆವತ್ತು ಕೊಟ್ರಸ್ವಾಮಿ ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿ ಹೊಲದಲ್ಲಿ ಓಡಿ ಬಂದ. ಚೀಟಿ ಓದಿದೆ. ಮೇಘಾಳ ಕೈ ಹಿಡಿದೆ, ಮೈ ಕಾದಿತ್ತು, ಬೆರಳು ತಣ್ಣಗಿದ್ದವು. "ಮೇಘಾ" ಎಂದರೆ ಕಣ್ಣು ತೆರೆದು ನನ್ನನ್ನು ಗುರುತಿಲ್ಲದವರ ಹಾಗೆ ನೋಡಿದಳು. ಕುರಿಗಳನ್ನು ಪಕ್ಕದಲ್ಲೇ ಹಟ್ಟಿ ಹಾಕಿದ್ದ ಕೂಡ್ಲಿಗಿಯ ದುರುಗಪ್ಪನಿಗೆ ಒಪ್ಪಿಸಿ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದೆ. ಬಸ್ಸು ಮೈಲಾರಕ್ಕೆ ಹೋಗಬೇಕಿತ್ತು. ಒಳಗಿದ್ದವರೆಲ್ಲ ಕೆಳಗಿಳಿದರು. "ನಾವು ನಡಕೊಂಡು ಹೊಕ್ಕೀವಿ, ನೀವು ಗಾಡಿ ತಿರುಗಸ್ರಿ" ಎಂದರು. ಒಬ್ಬ ಮುದುಕಿ ಮಾತ್ರ ಇಳಿಯಲಿಲ್ಲ, ಹಡಗಲಿಯ ತನಕ ಸೆರಗಿನಿಂದ ಗಾಳಿ ಹಾಕುತ್ತ ಕೂತಳು. ಅವಳ ಹೆಸರು ಕೇಳಲಿಲ್ಲ, ಈಗ ಅದೇ ಸಂಕಟ.

ಹಡಗಲಿಯಲ್ಲಿ ನಿನ್ನ ಫೋನು ನಮಗಿಂತ ಮೊದಲೇ ಮುಟ್ಟಿತ್ತು. ಸೂಜಿ ಹಿಡಿದುಕೊಂಡೇ ಕಾಯುತ್ತಿದ್ದರು. ಸಂಜೆ ನೀನು ಬಂದೆ. ಬಳ್ಳಾರಿಯ ಆಂಬುಲೆನ್ಸಿನಲ್ಲಿ ನೀನೇ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಳ್ಳಾರಿಯ ದೊಡ್ಡ ಡಾಕ್ಟರು ಏನೋ ಹೇಳಿದರು. "ಏನಂದ್ರು?" ಎಂದು ನಿನ್ನನ್ನು ಕೇಳಿದೆ. ನೀನು ಕಾಗದದ ಮೇಲೆ ಬರೆದು ತೋರಿಸಿದೆ: ಹೊತ್ತಿಗೆ ತಂದಿದ್ದೀರಿ. ಆ ಕಾಗದ ನನ್ನ ಅಂಗಿಯ ಜೇಬಿನಲ್ಲಿದೆ.

ಈಗ ನನ್ನ ತಪ್ಪು. ಬಂಟ ಕಚ್ಚಿದ್ದು ಮೊನ್ನೆ ಎಂದು ಬರೆದಿದ್ದೆ. ಅದು ಸುಳ್ಳು. ಕಚ್ಚಿ ನಾಲ್ಕು ದಿನವಾಗಿತ್ತು. ಎರಡು ದಿನ ಮೇಘಾ ನನಗೇ ಹೇಳಲಿಲ್ಲ, ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆಂದು ಹೆದರಿದ್ದಳು. ಆಮೇಲೆ ಎರಡು ದಿನ ನಾನು ನಿನಗೆ ಹೇಳಲಿಲ್ಲ, ನೀನು ಬೈಯುತ್ತೀ ಎಂದು ಹೆದರಿದ್ದೆ. ಜ್ವರ ಹಿಂದಿನ ದಿನದಿಂದಲೇ ಇತ್ತು. ಐವತ್ತೈದು ವರ್ಷದ ಗಂಡಸು ಬೈಗಳಿಗೆ ಹೆದರಿ ಮಗಳನ್ನು ಕಳೆದುಕೊಳ್ಳುತ್ತಿದ್ದೆ. 

ದೇವರ ಮೇಲೆ ನನಗೆ ಸಿಟ್ಟಿಲ್ಲ. ಭಂಡಾರ ಹಣೆಗೆ ಹಚ್ಚುವುದು. ಗಾಯಕ್ಕೆ ಆಸ್ಪತ್ರೆ ಇದೆ ಎಂದು ಮೈಲಾರಲಿಂಗ ಬಂದು ನನಗೆ ಹೇಳಬೇಕಾಗಿರಲಿಲ್ಲ. ಬಂಟ ಹಟ್ಟಿಯಲ್ಲೇ ಇದ್ದಾನೆ. ಅವನ ತಪ್ಪೇನೂ ಇಲ್ಲ. ಉಣ್ಣುವಾಗ ಅವನ ಹತ್ತಿರ ಹೋಗುವುದಿಲ್ಲ ಎಂದು ಮೇಘಾಳಿಂದ ಮಾತು ತೆಗೆದುಕೊಂಡಿದ್ದೇನೆ.

ಕೊನೆಗೆ ಒಂದು ಪ್ರಶ್ನೆ. ಬಳ್ಳಾರಿಯಲ್ಲಿ ಮೂರು ದಿನ ನೀನು ನಮ್ಮ ಜೊತೆಗಿದ್ದೆ. ಮೇಘಾಳ ಮಾತ್ರೆಯ ಹೊತ್ತು ಒಂದು ನಿಮಿಷ ತಪ್ಪಿಸಲಿಲ್ಲ. ನೀನು ಒಂದು ಮಾತ್ರೆ ನುಂಗಿದ್ದನ್ನು ನಾನು ಕಾಣಲಿಲ್ಲ. ನನ್ನ ಕಿವಿ ಮಂದ, ಕಣ್ಣಲ್ಲ.

ಪಾಲಾಕ್ಷಪ್ಪ


ಹಗರಿಬೊಮ್ಮನಹಳ್ಳಿ
12 ಮೇ 2025

ಅಣ್ಣಾ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಒಂದು ವಾರ ಹಿಡಿಯಿತು. ನಾಲ್ಕು ಸಲ ಬರೆದು ಹರಿದೆ.

ಮೊದಲು ಮೇಘಾಳದು. ಬಳ್ಳಾರಿಯಲ್ಲಿ ಬಿಡುವ ದಿನ ತೆಗೆದ ಅವಳ ರಕ್ತದ ಗಾಜನ್ನು ಅಲ್ಲಿಂದ ತರಿಸಿಕೊಂಡಿದ್ದೆ. ಮಧ್ಯಾಹ್ನ ಊಟ ಬಿಟ್ಟು ಅದನ್ನೇ ನೋಡಿದೆ. ಎರಡು ಸಾವಿರ ಕಣ ಎಣಿಸಿದೆ ಅಣ್ಣಾ, ಒಂದು ಚುಕ್ಕಿಯೂ ಸಿಗಲಿಲ್ಲ. ನಿಮ್ಮ ಹೊಲದ ಚಿಗುರು ಬರೀ ಹಸಿರಲ್ಲ, ಕೆಲಸವನ್ನೂ ಮಾಡುತ್ತಿದೆ. ಆ ಜ್ವರದಲ್ಲಿ ಅದು ಎಷ್ಟು ಕಾಪಾಡಿತು, ಔಷಧಿ ಎಷ್ಟು ಕಾಪಾಡಿತು ಎಂದು ಬಳ್ಳಾರಿಯವರೂ ಹೇಳಲಾರರು. ಆದ್ದರಿಂದ ಮಾತ್ರೆ ನಿಲ್ಲಿಸುವುದನ್ನು ಡಾಕ್ಟರೇ ಹೇಳಬೇಕು. ಇನ್ನೆರಡು ಲಸಿಕೆ ಬಾಕಿ ಇವೆ, ಜೂನ್‌ನಲ್ಲಿ ಹಾಕಿಸೋಣ.

ಅದೇ ದಿನ ನನ್ನ ರಕ್ತವನ್ನೂ ಪಕ್ಕದಲ್ಲಿಟ್ಟು ನೋಡಿದೆ. ಎಣಿಸಲು ಹೋಗಲಿಲ್ಲ. ಕಣ್ಣಿಟ್ಟ ಕಡೆಯೆಲ್ಲ ಚುಕ್ಕಿ.

ಹನ್ನೆರಡನೇ ವರ್ಷದಲ್ಲಿ ಅವ್ವನ ಜೊತೆ ಕೂಲಿಗೆ ಹೋಗಿದ್ದೆ. ಬರುವಾಗ ಕೂಡ್ಲಿಗಿ ರಸ್ತೆಯಲ್ಲಿ ಟ್ರ್ಯಾಕ್ಟರಿನ ಟ್ರೇಲರ್‌ನಿಂದ ಬಿದ್ದೆ. ಒಳಗೆ ಗುಲ್ಮ ಒಡೆದಿತ್ತು. ಜೀವ ಉಳಿಸಲು ಪೂರ್ತಿ ತೆಗೆದರು, ಚೂರು ಉಳಿಸುವ ಹಾಗಿರಲಿಲ್ಲ. ಎರಡು ವರ್ಷಕ್ಕೆ ಆ ಜ್ವರ. ಅದರಿಂದೆದ್ದ ಮೇಲೆ ನನ್ನ ಅವ್ವ ಗಿಡ್ಡಮ್ಮ ಒಂದೇ ಮಾತು ಹೇಳಿದಳು. "ಹೊಟ್ಟಿಯಾಗ ಒಂದು ಇಲ್ಲಂತ ಯಾರಿಗೂ ಹೇಳಬ್ಯಾಡ ಮಗಾ. ಕೊಳ್ಳಾಕ ಬಂದೋರು ಕುರಿ ನೋಡಿದಂಗ ನಿನ್ನ ನೋಡ್ತಾರ." ಅವಳನ್ನು ತಪ್ಪು ಎನ್ನಲಾರೆ. ಓದಿಸಿ, ಕೆಲಸಕ್ಕೆ ಸೇರಿಸಿ, ಮದುವೆ ಮಾಡಿದಳು. ಮದುವೆಯ ತನಕ ಮಾತ್ರೆ ನುಂಗಿದೆ. ಗಂಡನ ಮನೆಯಲ್ಲಿ ಅತ್ತೆ ಸುಂಕಮ್ಮ "ದಿನಾ ಏನು ನುಂಗ್ತಿ?" ಎಂದು ಕೇಳಿದ ದಿನ ನಿಲ್ಲಿಸಿದೆ. ನನ್ನ ಯಜಮಾನರಿಗೆ ಗೊತ್ತು, ಹಳೇ ಕಥೆ ಎಂದುಕೊಂಡಿದ್ದಾರೆ. ಹದಿನಾರು ವರ್ಷವಾಯಿತು. ಲಸಿಕೆಯೂ ಇಲ್ಲ, ಕಾರ್ಡೂ ಇಲ್ಲ. ಹೋದ ವರ್ಷ ಜ್ವರ ಬಂದಾಗ ಒಂದು ಗುಳಿಗೆ ನುಂಗಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಬೆಳಗ್ಗೆ ಏಳುತ್ತೇನೋ ಇಲ್ಲವೋ ಎಂದು ಗೊತ್ತಿದ್ದೂ ಮಲಗಿದ್ದೆ.

ನಿಮ್ಮನ್ನು ಬೈದು ಬರೆದ ಕಾಗದಗಳನ್ನೆಲ್ಲ ನನಗೇ ಬರೆದುಕೊಂಡಿದ್ದೆ ಎಂದು ಈಗ ಅನಿಸುತ್ತದೆ. ಮೇಘಾಳ ತಣ್ಣನೆಯ ಕಾಲು ತೊಡೆಯ ಮೇಲಿದ್ದಾಗ ಮೊದಲ ಸಲ ನನಗೆ ನನ್ನ ಬಗ್ಗೆ ಭಯವಾಯಿತು. ನನ್ನ ಮಗನಿಗೆ ಹತ್ತು ವರ್ಷ.

ಶನಿವಾರ ಡಾಕ್ಟರ ಎದುರು ಕೂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಅದಕ್ಕೇ ಅಳು ಬಂತು. ಲಸಿಕೆ ಒಂದು ಹಾಕಿದ್ದಾರೆ. ಒಮ್ಮೆ ಅಂಥ ಜ್ವರ ಬಂದವಳು, ಮಾತ್ರೆ ಬಿಡಲೇಬೇಡ ಎಂದರು. ಡಬ್ಬಿ ತಂದಿದ್ದೇನೆ. ಲ್ಯಾಬಿನ ಡ್ರಾಯರಿನಲ್ಲಿದೆ, ಮನೆಗೆ ಒಯ್ಯಲು ಇನ್ನೂ ಧೈರ್ಯ ಬಂದಿಲ್ಲ. ನಿನ್ನೆ ಭಾನುವಾರ, ಲ್ಯಾಬಿಗೆ ರಜೆ, ನುಂಗಲಿಲ್ಲ.

ಸುಮಂಗಲಾ


ಹೊಳೆದಂಡೆ
19 ಮೇ 2025

ತಂಗಿ ಸುಮಂಗಲಾ,

ನಿನ್ನ ಕಾಗದ ಓದಿದೆ. ರಾತ್ರಿ ಶಾಲೆಯ ಮೇಷ್ಟ್ರು ಕ್ಷಮಿಸಲಿ, ಇದೊಂದು ಮಾತು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ನನ್ನ ಮಗಳನ್ನ ಉಳಿಸಾಕ ಓಡಿ ಬಂದಾಕಿ ನೀನು, ನಿನ್ನ ಜೀವಕ್ಕ ಯಾಕ ಇಷ್ಟು ಜಿಪುಣಿ ಆದಿ?

ಬೈದದ್ದು ಮುಗಿಯಿತು. ಈಗ ಕೆಲಸದ ಮಾತು.

ಮೊನ್ನೆ ಶನಿವಾರ ನಿಮ್ಮ ಮನೆಗೆ ಹೋಗಿ ಬಂದೆ. ನೀನು ಡ್ಯೂಟಿಯಲ್ಲಿದ್ದೆ, ಬೇಕೆಂದೇ ಆ ಹೊತ್ತಿಗೆ ಹೋದೆ. ಸುಂಕಮ್ಮನವರಿಗೆ ಒಂದು ಕಂಬಳಿ ಕೊಟ್ಟೆ. ಯಾರು ಎಂದು ಕೇಳಿದರು. ಸುಮಂಗಲಾಳ ಅಣ್ಣ ಅಂದೆ. ಅವಳಿಗೆ ಅಣ್ಣ ಇಲ್ಲವಲ್ಲ ಎಂದರು. "ಈಗ ಅದಾನ್ರಿ" ಎಂದೆ. ಚಹಾ ಕೊಟ್ಟರು, ಕುಡಿದೆ. ನಿನ್ನ ಹೊಟ್ಟೆಯ ವಿಷಯ ನಾನು ಹೇಳಲಿಲ್ಲ. ಅದನ್ನು ಹೇಳುವವಳು ನೀನು. ನನ್ನ ಮಗಳ ವಿಷಯ ಮಾತ್ರ ಹೇಳಿದೆ. ಉಳಿಸಿದ ಚೂರು, ನಿಲ್ಲಿಸಿದ ಮಾತ್ರೆ, ತಣ್ಣಗಿದ್ದ ಬೆರಳು, ಎಲ್ಲ. ಅವರು ಕೇಳುತ್ತ ಕೇಳುತ್ತ ಕಣ್ಣೊರೆಸಿಕೊಂಡರು. ನಿನಗೆ ತಿಳಿದಷ್ಟು ಕೆಟ್ಟವರಲ್ಲ ಅವರು. ಹೇಳಿ ನೋಡು.

ಫೋನಿಗೆ ಈಗ ದಿನಾ ಚಾರ್ಜು. ಇಲ್ಲಿನ ಗೌಡರ ಮೋಟರ್ ಮನೆಯಲ್ಲಿ ಹಾಕಿಡುತ್ತೇನೆ. ನಾಳೆಯಿಂದ ಬೆಳಗ್ಗೆ ಎಂಟು ಗಂಟೆಗೆ ನಿನಗೆ ಒಂದು ಮಿಸ್ಡ್ ಕಾಲ್ ಕೊಡುತ್ತೇನೆ. ಶಾಲೆ ಶುರುವಾದ ಮೇಲೆ ಹಾಸ್ಟೆಲ್ಲಿನ ವಾರ್ಡನ್ ಶಾಂತಕುಮಾರಿಯವರ ಫೋನಿಗೂ ಒಂದು, ಮೇಘಾಳದ್ದು. ಎತ್ತಬೇಡ. ಎತ್ತಿದರೂ ನನಗೆ ಕೇಳುವುದಿಲ್ಲ. ಮಾತ್ರೆ ನುಂಗಿದ್ದರೆ ಕಟ್ ಮಾಡು, ನಾನು ಪರದೆ ನೋಡುತ್ತಾ ಕೂತಿರುತ್ತೇನೆ. ರಿಂಗು ಪೂರ್ತಿಯಾಗಿ ತಾನೇ ನಿಂತರೆ ನುಂಗಿಲ್ಲ ಎಂದು ತಿಳಿದು ಕೊಟ್ರಸ್ವಾಮಿಯ ಬಸ್ಸು ಹತ್ತುತ್ತೇನೆ. ಅವನಿಗೂ ಹೇಳಿಟ್ಟಿದ್ದೇನೆ. ಭಾನುವಾರವೂ ಬಸ್ಸು ಇದೆ.

ಇಲ್ಲಿ ನಾನು, ಇನ್ನೂರ ಇಪ್ಪತ್ತೊಂದು ಕುರಿ, ಮೂರು ನಾಯಿ, ಊರಲ್ಲಿ ಮೇಘಾ ಚೆನ್ನಾಗಿದ್ದೇವೆ. ನಿನ್ನದು ನಾಳೆ ಎಂಟಕ್ಕೆ ಗೊತ್ತಾಗುತ್ತದೆ.

ನಿನ್ನ ಅಣ್ಣ
ಪಾಲಾಕ್ಷಪ್ಪ